ಅಂಗಾಂಗ ಕಸಿ ಮಾಡಿಸಿಕೊಂಡವರಲ್ಲಿ ಕ್ಷಯರೋಗ ತಡೆ: ಪದೇ ಪದೇ ಕೇಳುವ ಪ್ರಶ್ನೆಗಳು

ಕಿಡ್ನಿ, ಯಕೃತ್ತು, ಹೃದಯ ಅಥವಾ ಶ್ವಾಸಕೋಶದ ಕಸಿಗೆ ಹೆಸರು ನೋಂದಾಯಿಸಿ ಕಾಯುತ್ತಿರುವವರು, ಈಗಾಗಲೇ ಕಸಿ ಆದವರು, ಅಂಗ ಕೊಡಲು ಮುಂದೆ ಬಂದ ಮನೆಯವರು ಹಾಗೂ ಇವರನ್ನೆಲ್ಲ ನೋಡಿಕೊಳ್ಳುವವರು ಕ್ಷಯರೋಗದ ಬಗ್ಗೆ ಮತ್ತೆ ಮತ್ತೆ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಲಾಗಿದೆ. ನಮ್ಮಲ್ಲಿ ನಡೆಯುವ ಕಸಿಗಳಲ್ಲಿ ಕಿಡ್ನಿಯದೇ ದೊಡ್ಡ ಪಾಲು; ಆದ್ದರಿಂದ ಉದಾಹರಣೆಗಳೂ ಹೆಚ್ಚಾಗಿ ಅಲ್ಲಿಂದಲೇ ಬಂದಿವೆ. ಔಷಧಿಗಳ ಹೆಸರು ಮತ್ತು ಪ್ರಮಾಣಗಳನ್ನು ತಿಳಿವಳಿಕೆಗಾಗಿ ಕೊಟ್ಟಿದೆಯೇ ಹೊರತು ಸ್ವಂತ ಚಿಕಿತ್ಸೆಗಾಗಿ ಅಲ್ಲ. ನಿಮ್ಮ ಕಸಿ ಘಟಕವನ್ನು ಕೇಳದೆ ಯಾವ ಮಾತ್ರೆಯನ್ನೂ ಆರಂಭಿಸಬಾರದು, ನಿಲ್ಲಿಸಲೂ ಬಾರದು.

ಕಸಿ ಆದವರಿಗೆ ಕ್ಷಯ ಬರುವ ಸಂಭವ ಬೇರೆಯವರಿಗಿಂತ ಏಕೆ ಹೆಚ್ಚು?

ಕ್ಷಯದ ರೋಗಾಣು ದೇಹವನ್ನು ಹೊಕ್ಕ ಕೂಡಲೇ ಎಲ್ಲರಿಗೂ ಕಾಯಿಲೆ ಬರುವುದಿಲ್ಲ. ಹೆಚ್ಚಿನವರಲ್ಲಿ ರೋಗನಿರೋಧಕ ಕೋಶಗಳು, ಮುಖ್ಯವಾಗಿ ಟಿ-ಕೋಶಗಳು, ಅದನ್ನು ಸುತ್ತುವರಿದು ಅಲ್ಲಲ್ಲೇ ಕಟ್ಟಿಹಾಕುತ್ತವೆ. ರೋಗಾಣು ಸಾಯುವುದೂ ಇಲ್ಲ, ಬೆಳೆಯುವುದೂ ಇಲ್ಲ. ಬೂದಿ ಮುಚ್ಚಿದ ಕೆಂಡದ ಹಾಗೆ ವರ್ಷಗಟ್ಟಲೆ ಉಳಿದುಬಿಡುತ್ತದೆ. ಇದನ್ನೇ ಸುಪ್ತ ಸೋಂಕು ಎನ್ನುತ್ತಾರೆ. 2019ರಿಂದ 2021ರವರೆಗೆ ನಡೆದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ ಹದಿನೈದು ವರ್ಷ ದಾಟಿದವರಲ್ಲಿ ನೂರಕ್ಕೆ ಸುಮಾರು 31 ಜನರಲ್ಲಿ ಇಂಥ ಸೋಂಕು ಇದೆ. ಆರೋಗ್ಯವಂತರಾದರೆ ಇವರಲ್ಲಿ ನೂರಕ್ಕೆ ಐದರಿಂದ ಹತ್ತು ಜನರಿಗೆ ಮಾತ್ರ ಬದುಕಿನ ಯಾವುದೋ ಘಟ್ಟದಲ್ಲಿ ಕಾಯಿಲೆ ಕಾಣಿಸಿಕೊಳ್ಳುತ್ತದೆ.

ಕಸಿಯಾದ ಅಂಗವನ್ನು ದೇಹ ನಿರಾಕರಿಸದಿರಲೆಂದು ಕೊಡುವ ಟ್ಯಾಕ್ರೋಲಿಮಸ್, ಸೈಕ್ಲೋಸ್ಪೋರಿನ್, ಮೈಕೋಫಿನೋಲೇಟ್, ಪ್ರೆಡ್ನಿಸೋಲೋನ್ ಮುಂತಾದ ಔಷಧಿಗಳು ತಗ್ಗಿಸುವುದು ಇದೇ ಟಿ-ಕೋಶಗಳ ಬಲವನ್ನು. ಕಾವಲು ಸಡಿಲವಾದಾಗ ಒಳಗಿದ್ದ ರೋಗಾಣು ಎದ್ದೇಳುತ್ತದೆ. ಕಸಿಯಾದವರಲ್ಲಿ ಕ್ಷಯದ ಸಂಭವ ಸಾಮಾನ್ಯ ಜನರಿಗಿಂತ 20ರಿಂದ 74 ಪಟ್ಟು ಹೆಚ್ಚು ಎಂದು ಅಂತರರಾಷ್ಟ್ರೀಯ ಮಾರ್ಗಸೂಚಿಗಳು ಹೇಳುತ್ತವೆ. ದೇಶದ ಕಿಡ್ನಿ ಕಸಿಯ ಹಳೆಯ ಕೇಂದ್ರಗಳಲ್ಲಿ ಒಂದಾದ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜು 2001ರಲ್ಲಿ ಪ್ರಕಟಿಸಿದ ವರದಿಯಲ್ಲಿ, ಅಲ್ಲಿ ಕಸಿಯಾದವರಲ್ಲಿ ನೂರಕ್ಕೆ ಸುಮಾರು ಹದಿಮೂರು ಜನರಿಗೆ ಕ್ಷಯ ಬಂದಿತ್ತು. ಮಧುಮೇಹ ಮತ್ತು ದೀರ್ಘಕಾಲದ ಯಕೃತ್ತಿನ ಕಾಯಿಲೆ ಇದ್ದವರಿಗೆ ಅಪಾಯ ಇನ್ನೂ ಹೆಚ್ಚಿತ್ತು. ಎಲ್ಲ ಬಗೆಯ ಕಸಿಗಳಲ್ಲಿ ಶ್ವಾಸಕೋಶದ ಕಸಿ ಆದವರಿಗೇ ಈ ಭಯ ಅತಿ ಹೆಚ್ಚು.

ಸೋಂಕು ಬರುವುದಾದರೂ ಎಲ್ಲಿಂದ?

ಬಹುಪಾಲು ಮಂದಿಯಲ್ಲಿ ಹೊರಗಿನಿಂದಲ್ಲ, ತಮ್ಮದೇ ದೇಹದಲ್ಲಿ ಮೊದಲೇ ಇದ್ದ ಸುಪ್ತ ಸೋಂಕಿನಿಂದ. ಎರಡನೆಯದು, ಕಸಿಯ ನಂತರ ಮನೆಯಲ್ಲೋ ಆಸ್ಪತ್ರೆಯಲ್ಲೋ ಬಸ್ಸಿನಲ್ಲೋ ಯಾರಿಂದಲೋ ಹೊಸದಾಗಿ ತಗಲುವುದು. ನಮ್ಮಂಥ ದೇಶದಲ್ಲಿ ಇದನ್ನು ಸಣ್ಣ ಮಾತೆಂದು ತಳ್ಳಿಹಾಕುವಂತಿಲ್ಲ. ಮೂರನೆಯದು, ದಾನಿಯ ಅಂಗದ ಜೊತೆಗೇ ಬರುವುದು. ನಾಲ್ಕನೆಯದು, ಶಸ್ತ್ರಚಿಕಿತ್ಸೆಗೆ ಮುಂಚೆಯೇ ಕಾಯಿಲೆ ಇದ್ದು ಅದು ಪತ್ತೆಯಾಗದೆ ಉಳಿದಿರುವುದು. ಕೊನೆಯ ಎರಡು ಅಪರೂಪ, ಆದರೆ ಸರಿಯಾದ ತಪಾಸಣೆಯಿಂದ ಬಹುಮಟ್ಟಿಗೆ ತಪ್ಪಿಸಬಹುದಾದವೂ ಅವೇ.

ತಡೆಯುವ ಕೆಲಸವನ್ನು ಯಾವಾಗ ಆರಂಭಿಸಬೇಕು?

ಕಸಿಗೆ ಮುಂಚೆ. ಈ ಪುಟದಲ್ಲಿರುವ ಎಲ್ಲ ಮಾತುಗಳಿಗಿಂತ ಇದಕ್ಕೇ ಹೆಚ್ಚು ತೂಕ ಕೊಡಬೇಕು. ಡಯಾಲಿಸಿಸ್ ಮಾಡಿಸಿಕೊಳ್ಳುತ್ತಾ ದಾನಿಗಾಗಿ ಕಾಯುವ ತಿಂಗಳುಗಳನ್ನು ಸುಮ್ಮನೆ ಕಳೆಯುವ ಕಾಲವೆಂದು ರೋಗಿಗಳೂ ಕೆಲವೊಮ್ಮೆ ವೈದ್ಯರೂ ಭಾವಿಸುವುದುಂಟು. ಆದರೆ ಪರೀಕ್ಷೆಗಳು ತಕ್ಕಮಟ್ಟಿಗಾದರೂ ನಂಬುವಂಥ ಫಲಿತಾಂಶ ಕೊಡುವುದು, ಔಷಧಿಗಳನ್ನು ಆರಿಸಿಕೊಳ್ಳಲು ಅವಕಾಶ ಇರುವುದು, ಅಡ್ಡಪರಿಣಾಮ ಕಾಣಿಸಿದರೆ ನಿಲ್ಲಿಸಿ ಮತ್ತೆ ಯೋಚಿಸಲು ಸಮಯ ಸಿಗುವುದು ಈ ಅವಧಿಯಲ್ಲೇ. ಕಸಿಯಾದ ಮೇಲೆ ಟ್ಯಾಕ್ರೋಲಿಮಸ್ ಒಂದು ಕಡೆ, ಕ್ಷಯದ ಮಾತ್ರೆ ಇನ್ನೊಂದು ಕಡೆ ಎಳೆಯುತ್ತವೆ. ಆಗ ಪ್ರತಿ ಹೆಜ್ಜೆಯೂ ಕಷ್ಟ.

ಕೇಂದ್ರ ಸರ್ಕಾರ 2021ರಲ್ಲಿ ಹೊರಡಿಸಿದ ಕ್ಷಯ ತಡೆ ಚಿಕಿತ್ಸೆಯ ಮಾರ್ಗಸೂಚಿಯಲ್ಲೂ ಡಯಾಲಿಸಿಸ್‌ನಲ್ಲಿ ಇರುವವರು, ಅಂಗಾಂಗ ಕಸಿಗೆ ಸಿದ್ಧರಾಗುತ್ತಿರುವವರು ಮತ್ತು ರೋಗನಿರೋಧಕ ಶಕ್ತಿ ತಗ್ಗಿಸುವ ಔಷಧಿ ಸೇವಿಸುವವರನ್ನು ಪರೀಕ್ಷಿಸಬೇಕಾದ ಗುಂಪುಗಳ ಪಟ್ಟಿಗೆ ಸೇರಿಸಲಾಗಿದೆ. ನಿಮ್ಮ ಡಯಾಲಿಸಿಸ್ ಕೇಂದ್ರದವರು ಈ ಮಾತನ್ನು ಎತ್ತದಿದ್ದರೆ ನೀವೇ ಎತ್ತಬಹುದು.

ಯಾವ ಯಾವ ಪರೀಕ್ಷೆಗಳನ್ನು ಮಾಡುತ್ತಾರೆ?

ಮೊದಲನೆಯದು ಪರೀಕ್ಷೆಯೇ ಅಲ್ಲ, ಪ್ರಶ್ನೆಗಳು. ಹಿಂದೆ ಕ್ಷಯ ಬಂದಿತ್ತೇ, ಎಷ್ಟು ತಿಂಗಳು ಮಾತ್ರೆ ನುಂಗಿದಿರಿ, ಮನೆಯಲ್ಲಿ ಯಾರಿಗಾದರೂ ಬಂದಿತ್ತೇ, ಕಲ್ಲು ಕ್ವಾರಿಯಲ್ಲೋ ಗಣಿಯಲ್ಲೋ ದುಡಿದಿದ್ದೀರಾ ಎಂದೆಲ್ಲ ಕೇಳುತ್ತಾರೆ. ಕಲ್ಲಿನ ದೂಳಿನಿಂದ ಬರುವ ಸಿಲಿಕೋಸಿಸ್ ಕ್ಷಯಕ್ಕೆ ದಾರಿ ಮಾಡಿಕೊಡುವುದರಿಂದ ಕೋಲಾರದ ಚಿನ್ನದ ಗಣಿಯಂಥ ಕಡೆ ಕೆಲಸ ಮಾಡಿದವರು ಅದನ್ನು ತಪ್ಪದೆ ಹೇಳಬೇಕು.

ಆಮೇಲೆ ಎದೆಯ ಎಕ್ಸ್‌ರೇ, ಅಗತ್ಯವಿದ್ದರೆ ಸಿ.ಟಿ. ಸ್ಕ್ಯಾನ್. ಶ್ವಾಸಕೋಶದ ಮೇಲ್ಭಾಗದಲ್ಲಿ ಹಳೆಯ ಗಾಯದ ಕಲೆ ಇದೆಯೇ ಎಂದು ನೋಡುತ್ತಾರೆ.

ಮಾಂಟೂ ಪರೀಕ್ಷೆಯಲ್ಲಿ ಮುಂಗೈಯ ಒಳಭಾಗದ ಚರ್ಮದಲ್ಲಿ ಟ್ಯುಬರ್ಕುಲಿನ್ ದ್ರವವನ್ನು ಸಣ್ಣ ಸೂಜಿಯಿಂದ ಚುಚ್ಚಿ, 48ರಿಂದ 72 ಗಂಟೆಗಳ ಒಳಗೆ ಅಲ್ಲಿ ಎದ್ದ ಗಡುಸು ಉಬ್ಬನ್ನು ಅಳೆಯುತ್ತಾರೆ. ಅಳೆಯಬೇಕಾದದ್ದು ಕೆಂಪಾದ ಜಾಗವನ್ನಲ್ಲ. ಬೆರಳಿಗೆ ಗಟ್ಟಿಯಾಗಿ ಸಿಗುವ ಉಬ್ಬನ್ನು, ಅದೂ ಕೈಯ ಉದ್ದಕ್ಕಲ್ಲ, ಅಡ್ಡಕ್ಕೆ. ಬಾಲ್ ಪೆನ್ನನ್ನು ಎರಡೂ ಬದಿಯಿಂದ ಮೆಲ್ಲಗೆ ಎಳೆದು, ಅದು ತಡೆದು ನಿಂತಲ್ಲಿ ಗುರುತು ಹಾಕಿ, ನಡುವಿನ ಅಂತರವನ್ನು ಸ್ಕೇಲಿನಿಂದ ಅಳೆಯುವುದು ಸರಿಯಾದ ಕ್ರಮ. ಕಣ್ಣಳತೆಯಲ್ಲಿ 'ಪಾಸಿಟಿವ್' ಎಂದು ಬರೆದುಕೊಟ್ಟರೆ ಎಷ್ಟು ಮಿಲಿಮೀಟರ್ ಎಂದು ಕೇಳಿ ಬರೆಸಿಕೊಳ್ಳಿ, ಏಕೆಂದರೆ ಇತರರಲ್ಲಿ 10 ಮಿ.ಮೀ. ಗಡಿಯಾದರೆ ಕಸಿಯವರಲ್ಲಿ 5 ಮಿ.ಮೀ. ಇದ್ದರೂ ಸೋಂಕು ಇದೆ ಎಂದೇ ಎಣಿಸುತ್ತಾರೆ. ಎರಡು ದಿನ ಬಿಟ್ಟು ಮತ್ತೆ ಹೋಗಿ ತೋರಿಸದಿದ್ದರೆ ಮಾಡಿದ ಪರೀಕ್ಷೆ ವ್ಯರ್ಥ.

ಐಗ್ರಾ ಎನ್ನುವುದು ರಕ್ತ ಪರೀಕ್ಷೆ. ಬಾಲ್ಯದಲ್ಲಿ ಹಾಕಿಸಿದ ಬಿಸಿಜಿ ಲಸಿಕೆಯಿಂದ ಇದರ ಫಲಿತಾಂಶ ಏರುಪೇರಾಗುವುದಿಲ್ಲ, ಮತ್ತೊಮ್ಮೆ ಹೋಗಬೇಕಾಗಿಯೂ ಇಲ್ಲ. ಬೆಲೆ ಮಾತ್ರ ಹೆಚ್ಚು. ಬಿಸಿಜಿಯ ಗೊಂದಲವಿಲ್ಲದ ಸೈ-ಟಿಬಿ ಎಂಬ ಹೊಸ ಚರ್ಮದ ಪರೀಕ್ಷೆಯೂ ಈಗ ಭಾರತದಲ್ಲಿ ಬಳಕೆಗೆ ಬಂದಿದೆ.

ಪರೀಕ್ಷೆ ನೆಗೆಟಿವ್ ಬಂದರೆ ನಿಶ್ಚಿಂತೆಯಿಂದ ಇರಬಹುದೇ?

ಇರುವಂತಿಲ್ಲ. ಮಾಂಟೂ, ಐಗ್ರಾ, ಸೈ-ಟಿಬಿ ಮೂರೂ ರೋಗಾಣುವನ್ನು ನೇರವಾಗಿ ಹುಡುಕುವುದಿಲ್ಲ. ರೋಗಾಣುವಿನ ಪರಿಚಯ ನಿಮ್ಮ ರೋಗನಿರೋಧಕ ಕೋಶಗಳಿಗೆ ಇದೆಯೇ ಎಂದಷ್ಟೇ ವಿಚಾರಿಸುತ್ತವೆ. ಕಿಡ್ನಿ ಪೂರ್ತಿ ಸೋತವರಲ್ಲಿ, ಯಕೃತ್ತು ಕೆಟ್ಟವರಲ್ಲಿ, ಕಸಿಯ ಔಷಧಿ ನುಂಗುತ್ತಿರುವವರಲ್ಲಿ ಆ ಕೋಶಗಳೇ ದುರ್ಬಲವಾಗಿರುವುದರಿಂದ ಸೋಂಕು ಇದ್ದರೂ ಉತ್ತರ 'ಇಲ್ಲ' ಎಂದು ಬರಬಹುದು. ಹಾಗಾಗಿ ಎಕ್ಸ್‌ರೇಯಲ್ಲಿ ಹಳೆಯ ಕಲೆ ಕಂಡಿದ್ದು ಹಿಂದೆ ಸರಿಯಾದ ಚಿಕಿತ್ಸೆ ಆಗಿಲ್ಲದಿದ್ದರೆ ಅಥವಾ ಇತ್ತೀಚೆಗೆ ಕ್ಷಯ ರೋಗಿಯೊಬ್ಬರ ಜೊತೆ ಒಂದೇ ಮನೆಯಲ್ಲಿ ವಾಸವಾಗಿದ್ದರೆ, ಪರೀಕ್ಷೆ ಏನೇ ಹೇಳಲಿ, ತಡೆ ಚಿಕಿತ್ಸೆ ಕೊಡುವುದು ವಾಡಿಕೆ. ಇನ್ನೊಂದು ಮಾತನ್ನೂ ನೆನಪಿನಲ್ಲಿಡಬೇಕು: ಪಾಸಿಟಿವ್ ಬಂದ ಮಾತ್ರಕ್ಕೆ ಕಾಯಿಲೆ ಇದೆ ಎಂದಲ್ಲ. ಸೋಂಕು ಬೇರೆ, ಕಾಯಿಲೆ ಬೇರೆ. ಅದನ್ನು ತೀರ್ಮಾನಿಸುವುದು ಲಕ್ಷಣ, ಎಕ್ಸ್‌ರೇ ಮತ್ತು ಕಫ ಪರೀಕ್ಷೆ.

ಹಿಂದೆ ಟಿ.ಬಿ. ಬಂದಿತ್ತು ಎಂದು ಹೇಳಿದರೆ ಕಸಿಯನ್ನೇ ಬೇಡ ಎನ್ನುತ್ತಾರೆಯೇ?

ಈ ಅಂಜಿಕೆಯಿಂದ ಎಷ್ಟೋ ಕುಟುಂಬಗಳು ವಿಷಯವನ್ನು ಮುಚ್ಚಿಡುತ್ತವೆ. ಮದುವೆ ಮಾತುಕತೆಯಲ್ಲಿ ಮುಚ್ಚಿಟ್ಟು ರೂಢಿಯಾದದ್ದನ್ನು ಆಸ್ಪತ್ರೆಯಲ್ಲೂ ಮುಂದುವರಿಸುವುದು ಮಾತ್ರ ಪ್ರಾಣಕ್ಕೆ ಕುತ್ತು. ಹಿಂದೆ ಕ್ಷಯ ಬಂದು ಪೂರ್ಣ ಚಿಕಿತ್ಸೆ ಪಡೆದು ವಾಸಿಯಾಗಿದ್ದರೆ ಅದು ಕಸಿಗೆ ಅಡ್ಡಿಯಲ್ಲ. ಸಾಮಾನ್ಯವಾಗಿ ಮತ್ತೆ ತಡೆ ಚಿಕಿತ್ಸೆಯೂ ಬೇಕಾಗುವುದಿಲ್ಲ. ನಡುವೆ ಮಾತ್ರೆ ಬಿಟ್ಟಿದ್ದರೆ, ಯಾವ ಮಾತ್ರೆ ಎಷ್ಟು ತಿಂಗಳು ಎಂಬುದು ಗೊತ್ತಿಲ್ಲದಿದ್ದರೆ, ಈಗ ಕಾಯಿಲೆ ಇಲ್ಲವೆಂದು ಖಚಿತಪಡಿಸಿಕೊಂಡು ತಡೆ ಚಿಕಿತ್ಸೆ ಕೊಡುತ್ತಾರೆ. ಹಳೆಯ ಚೀಟಿ, ಚಿಕಿತ್ಸಾ ಕಾರ್ಡು, ನಿಕ್ಷಯ್ ಸಂಖ್ಯೆ (ಸರ್ಕಾರದ ಕ್ಷಯ ರೋಗಿಗಳ ನೋಂದಣಿಯಲ್ಲಿ ಕೊಡುವ ಸಂಖ್ಯೆ) ಏನಿದ್ದರೂ ಹುಡುಕಿ ತೆಗೆದುಕೊಂಡು ಹೋಗಿ.

ಕ್ಷಯ ಈಗಲೇ ಇದ್ದರೆ ಮಾತ್ರ ಕಸಿಯನ್ನು ಮುಂದೂಡುತ್ತಾರೆ, ಸಾಧ್ಯವಾದಷ್ಟು ಮಟ್ಟಿಗೆ ಚಿಕಿತ್ಸೆ ಪೂರ್ತಿ ಮುಗಿಯುವವರೆಗೆ. ಡಯಾಲಿಸಿಸ್ ಆಸರೆ ಇರುವ ಕಿಡ್ನಿ ರೋಗಿ ಹೀಗೆ ಕಾಯಬಲ್ಲರು. ಯಕೃತ್ತು ಅಥವಾ ಹೃದಯ ಕೈಕೊಟ್ಟವರಿಗೆ ಅಷ್ಟು ಕಾಲ ಇಲ್ಲದಿರಬಹುದು, ಅಂಥಲ್ಲಿ ತಜ್ಞರು ಒಬ್ಬೊಬ್ಬರ ಸ್ಥಿತಿ ನೋಡಿ ನಿರ್ಧರಿಸುತ್ತಾರೆ.

ತಡೆ ಚಿಕಿತ್ಸೆ ಎಂದರೆ ಯಾವ ಮಾತ್ರೆ, ಎಷ್ಟು ದಿನ?

ಹೆಚ್ಚು ಬಳಕೆಯಲ್ಲಿರುವುದು ಐಸೋನಿಯಾಜಿಡ್. ತೂಕದ ಪ್ರತಿ ಕಿಲೋಗೆ 5 ಮಿ.ಗ್ರಾಂ. ಲೆಕ್ಕದಲ್ಲಿ, 300 ಮಿ.ಗ್ರಾಂ. ಮೀರದಂತೆ, ದಿನಕ್ಕೊಂದು ಬಾರಿ. ನಮ್ಮ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಅವಧಿ ಆರು ತಿಂಗಳು. ಕಸಿಯವರಿಗೆ ಒಂಬತ್ತು ತಿಂಗಳು ಕೊಡಬೇಕೆಂದು ಹಲವು ಕಸಿ ಮಾರ್ಗಸೂಚಿಗಳು ಹೇಳುತ್ತವೆ. ಕಸಿಗೆ ಮುಂಚೆ ಶುರುಮಾಡಿ ಮುಗಿಯುವ ಮೊದಲೇ ಶಸ್ತ್ರಚಿಕಿತ್ಸೆ ನಡೆದರೆ ಉಳಿದದ್ದನ್ನು ನಂತರ ಮುಂದುವರಿಸಿ ಮುಗಿಸಬಹುದು. ಟ್ಯಾಕ್ರೋಲಿಮಸ್‌ನ ಜೊತೆ ಐಸೋನಿಯಾಜಿಡ್‌ಗೆ ದೊಡ್ಡ ಜಗಳವಿಲ್ಲದಿರುವುದೇ ಇದರ ದೊಡ್ಡ ಅನುಕೂಲ.

ಇದರ ಜೊತೆಗೆ ಪಿರಿಡಾಕ್ಸಿನ್, ಅಂದರೆ ಬಿ6 ವಿಟಮಿನ್ ಮಾತ್ರೆ ಕೊಡುತ್ತಾರೆ. 'ವಿಟಮಿನ್ ತಾನೆ' ಎಂದು ಅದನ್ನು ಬಿಡಬಾರದು. ಐಸೋನಿಯಾಜಿಡ್ ದೇಹದ ಬಿ6 ಅನ್ನು ಕಡಿಮೆ ಮಾಡುವುದರಿಂದ ಕೈಕಾಲು ಜೋಮು ಹಿಡಿಯುವುದು, ಪಾದ ಉರಿಯುವುದು ಆರಂಭವಾಗಬಹುದು, ಮತ್ತು ಕಿಡ್ನಿ ಸೋತವರು, ಸಕ್ಕರೆ ಕಾಯಿಲೆಯವರು ಅದಕ್ಕೆ ಬೇಗ ಗುರಿಯಾಗುತ್ತಾರೆ. ಮಾತ್ರೆಯನ್ನು ಖಾಲಿ ಹೊಟ್ಟೆಯಲ್ಲಿ ತೆಗೆದುಕೊಳ್ಳುವುದು ಒಳ್ಳೆಯದು, ಎದೆಯುರಿಗೆ ಕುಡಿಯುವ ಆಂಟಾಸಿಡ್ ಜೊತೆಗೆ ಬೇಡ. ಡಯಾಲಿಸಿಸ್ ಇರುವ ದಿನ ಡಯಾಲಿಸಿಸ್ ಮುಗಿದ ಮೇಲೆ ನುಂಗಬೇಕು. ಫಿಟ್ಸ್‌ಗೆ ಫಿನಿಟಾಯಿನ್ ತೆಗೆದುಕೊಳ್ಳುವವರು ಮೊದಲೇ ಹೇಳಬೇಕು, ಏಕೆಂದರೆ ಅದರ ಮಟ್ಟ ರಕ್ತದಲ್ಲಿ ಏರುತ್ತದೆ.

ವಾರಕ್ಕೊಮ್ಮೆ ನುಂಗುವ ಹನ್ನೆರಡು ವಾರಗಳ ಚಿಕಿತ್ಸೆ ಇದೆಯಂತೆ. ಅದೇ ಸುಲಭವಲ್ಲವೇ?

ಐಸೋನಿಯಾಜಿಡ್ ಮತ್ತು ರಿಫಾಪೆಂಟಿನ್ ಸೇರಿದ ಈ ಕ್ರಮಕ್ಕೆ 3ಎಚ್‌ಪಿ ಎಂದು ಹೆಸರು. ಹನ್ನೆರಡು ಸಲ ನುಂಗಿದರೆ ಮುಗಿಯಿತು; ನಡುವೆ ಬಿಡುವವರೂ ಕಡಿಮೆ. ಆದರೆ ರಿಫಾಪೆಂಟಿನ್, ಕ್ಷಯದ ಕಾಯಿಲೆಗೆ ಕೊಡುವ ಮುಖ್ಯ ಔಷಧಿಯಾದ ರಿಫಾಂಪಿಸಿನ್‌ನ ಬಳಗಕ್ಕೆ ಸೇರಿದ್ದರಿಂದ ಕಸಿಯ ಔಷಧಿಗಳನ್ನು ಕೆಡಿಸುತ್ತದೆ. ಮನೆಯವರೇ ಕಿಡ್ನಿ ಕೊಡುತ್ತಿದ್ದು ಶಸ್ತ್ರಚಿಕಿತ್ಸೆಯ ತಾರೀಕು ಮೂರು ನಾಲ್ಕು ತಿಂಗಳು ಮುಂದಿದ್ದರೆ, ಅಷ್ಟರೊಳಗೆ ಇದನ್ನು ಮುಗಿಸಿ, ಔಷಧಿಯ ಪ್ರಭಾವ ಇಳಿಯಲು ಕನಿಷ್ಠ ಎರಡು ವಾರ ಬಿಟ್ಟು ಕಸಿಗೆ ಹೋಗಬಹುದು. ನನ್ನ ದೃಷ್ಟಿಯಲ್ಲಿ ಅಂಥವರಿಗೆ ಇದಕ್ಕಿಂತ ಅನುಕೂಲವಾದ ದಾರಿ ಇನ್ನೊಂದಿಲ್ಲ. ಕರ್ನಾಟಕದ 'ಜೀವಸಾರ್ಥಕತೆ' ಪಟ್ಟಿಯಲ್ಲಿ ಹೆಸರು ಬರೆಸಿ, ಮೆದುಳು ನಿಷ್ಕ್ರಿಯಗೊಂಡ ದಾನಿಯ ಅಂಗಕ್ಕಾಗಿ ಕಾಯುವವರ ಮಾತು ಬೇರೆ. ಅವರಿಗೆ ಕರೆ ಇಂದು ರಾತ್ರಿಯೂ ಬರಬಹುದು, ಎರಡು ವರ್ಷವಾದರೂ ಬಾರದಿರಬಹುದು. ಅಂಥವರಿಗೆ ಸರದಿ ಹತ್ತಿರವಿದ್ದರೆ ಐಸೋನಿಯಾಜಿಡ್ ಒಂದೇ ಸುರಕ್ಷಿತ.

ರಿಫಾಂಪಿಸಿನ್ ಬಗ್ಗೆ ಇಷ್ಟೊಂದು ಎಚ್ಚರಿಕೆ ಏಕೆ?

ಟ್ಯಾಕ್ರೋಲಿಮಸ್, ಸೈಕ್ಲೋಸ್ಪೋರಿನ್, ಸಿರೋಲಿಮಸ್, ಎವೆರೋಲಿಮಸ್ ಇವೆಲ್ಲವನ್ನೂ ಯಕೃತ್ತಿನಲ್ಲಿ ಮತ್ತು ಕರುಳಿನಲ್ಲಿ ಒಂದೇ ಬಗೆಯ ಕಿಣ್ವಗಳು ಕರಗಿಸುತ್ತವೆ. ರಿಫಾಂಪಿಸಿನ್ ಆ ಕಿಣ್ವಗಳ ಪ್ರಮಾಣವನ್ನು ಹೆಚ್ಚಿಸುತ್ತದೆ. ಪರಿಣಾಮವಾಗಿ, ನೀವು ಎಂದಿನಂತೆ ಬೆಳಗ್ಗೆ ಸಂಜೆ ಮಾತ್ರೆ ನುಂಗುತ್ತಿದ್ದರೂ ರಕ್ತದಲ್ಲಿ ಟ್ಯಾಕ್ರೋಲಿಮಸ್ ಮಟ್ಟ ಕೆಲವೇ ದಿನಗಳಲ್ಲಿ ಕುಸಿಯುತ್ತದೆ. ಅದನ್ನು ಮೊದಲಿನ ಮಟ್ಟಕ್ಕೆ ತರಲು ಮಾತ್ರೆಯ ಪ್ರಮಾಣವನ್ನು ಮೂರರಿಂದ ಐದು ಪಟ್ಟು ಏರಿಸಬೇಕಾಗಿ ಬರುತ್ತದೆ. ಏರಿಸದಿದ್ದರೆ ದೇಹ ಹೊಸ ಅಂಗವನ್ನು ನಿರಾಕರಿಸುತ್ತದೆ, ಅಂದರೆ ರಿಜೆಕ್ಷನ್ ಆಗುತ್ತದೆ. ರಿಫಾಂಪಿಸಿನ್ ನಿಲ್ಲಿಸಿದ ಮೇಲೂ ಅಷ್ಟೇ ಜಾಗ್ರತೆ ಬೇಕು: ಸುಮಾರು ಎರಡು ವಾರಗಳಲ್ಲಿ ಕಿಣ್ವಗಳು ಮೊದಲ ಸ್ಥಿತಿಗೆ ಮರಳಿದಾಗ, ಏರಿಸಿಟ್ಟ ಪ್ರಮಾಣವೇ ಮುಂದುವರಿದರೆ ಟ್ಯಾಕ್ರೋಲಿಮಸ್ ಅತಿಯಾಗಿ ಕಿಡ್ನಿಗೇ ವಿಷವಾಗುತ್ತದೆ. ಪ್ರೆಡ್ನಿಸೋಲೋನ್ ಪರಿಣಾಮವೂ ತಗ್ಗುತ್ತದೆ ಎಂಬುದನ್ನು ಹಲವರು ಮರೆಯುತ್ತಾರೆ.

ಅಂದಮಾತ್ರಕ್ಕೆ ರಿಫಾಂಪಿಸಿನ್ ಕೆಟ್ಟ ಔಷಧಿಯಲ್ಲ. ಕಾಯಿಲೆ ಬಂದಾಗ ಅದರಷ್ಟು ಬಲವಾದದ್ದು ಬೇರೆ ಕಡಿಮೆ. ಕಸಿ ಘಟಕದವರು ಅದರ ಬದಲು ಕಿಣ್ವಗಳನ್ನು ಅಷ್ಟಾಗಿ ಕೆರಳಿಸದ ರಿಫಾಬ್ಯುಟಿನ್ ಬಳಸಬಹುದು, ಇಲ್ಲವೇ ರಿಫಾಂಪಿಸಿನ್ನನ್ನೇ ಕೊಟ್ಟು ಬೆಳಗಿನ ಮಾತ್ರೆಗೆ ಮುಂಚೆ ರಕ್ತ ತೆಗೆದು ಟ್ಯಾಕ್ರೋಲಿಮಸ್ ಮಟ್ಟವನ್ನು ಮತ್ತೆ ಮತ್ತೆ ನೋಡುತ್ತಾ ಪ್ರಮಾಣ ಹೊಂದಿಸಬಹುದು. ಅಪಾಯ ಇರುವುದು ಕಸಿ ಘಟಕಕ್ಕೆ ಗೊತ್ತೇ ಆಗದೆ ಅದು ಆರಂಭವಾದಾಗ.

ಊರಿನ ಆಸ್ಪತ್ರೆಯಲ್ಲಿ ಟಿ.ಬಿ. ಮಾತ್ರೆ ಕೊಟ್ಟರೆ ಏನು ಮಾಡಬೇಕು?

ಸರ್ಕಾರಿ ಕೇಂದ್ರಗಳಲ್ಲಿ ಕ್ಷಯ ರೋಗಿಗಳಿಗೆ ಕೊಡುವ ಮಾತ್ರೆಯಲ್ಲಿ ನಾಲ್ಕು ಔಷಧಿಗಳು ಒಂದೇ ಗುಳಿಗೆಯಲ್ಲಿ ಸೇರಿರುತ್ತವೆ, ಅದರಲ್ಲಿ ರಿಫಾಂಪಿಸಿನ್ ಒಂದು. ಗುಳಿಗೆಯನ್ನು ನೋಡಿ ಅದು ಗೊತ್ತಾಗುವುದಿಲ್ಲ. ತಾಲೂಕು ಆಸ್ಪತ್ರೆಯ ವೈದ್ಯರು ನಿಯಮದಂತೆ ಸರಿಯಾದ ಚಿಕಿತ್ಸೆಯನ್ನೇ ಕೊಡುತ್ತಿರುತ್ತಾರೆ. ಎದುರಿಗೆ ಕುಳಿತವರಿಗೆ ಕಸಿ ಆಗಿದೆ ಎಂಬುದು ಅವರಿಗೆ ತಿಳಿದಿರಬೇಕಷ್ಟೆ. ಹೀಗೆ ಹೇಳಿದರೆ ಸಾಕು: "ಡಾಕ್ಟ್ರೇ, ನನಗೆ ಕಿಡ್ನಿ ಕಸಿ ಆಗಿದೆ, ಟ್ಯಾಕ್ರೋಲಿಮಸ್ ತಗೋತಾ ಇದ್ದೀನಿ. ರಿಫಾಂಪಿಸಿನ್ ಶುರು ಮಾಡೋ ಮುಂಚೆ ನಮ್ಮ ಆಸ್ಪತ್ರೆ ಡಾಕ್ಟರ ಜೊತೆ ಒಂದು ಮಾತು ಆಡಿ, ನಂಬರ್ ಕೊಡ್ತೀನಿ." ಕಸಿ ಘಟಕದ ದೂರವಾಣಿ ಸಂಖ್ಯೆ ಮತ್ತು ನೀವು ಸೇವಿಸುವ ಔಷಧಿಗಳ ಪಟ್ಟಿಯನ್ನು ಒಂದು ಚೀಟಿಯಲ್ಲಿ ಬರೆದು ಆಧಾರ್ ಕಾರ್ಡಿನ ಜೊತೆಗೇ ಇಟ್ಟುಕೊಳ್ಳಿ. ಇಬ್ಬರು ವೈದ್ಯರ ನಡುವೆ ಒಂದು ಫೋನ್ ಕರೆ ನಡೆಯದ ಕಾರಣಕ್ಕೆ ಅಂಗ ಕಳೆದುಕೊಳ್ಳುವುದು ಆಗಬಾರದ ನಷ್ಟ.

ಐಸೋನಿಯಾಜಿಡ್ ಯಕೃತ್ತನ್ನು ಹಾಳುಮಾಡುತ್ತದೆಯೇ?

ಕೆಲವರಲ್ಲಿ ಮಾಡುತ್ತದೆ. ವಯಸ್ಸಾದವರು, ಮದ್ಯ ಸೇವಿಸುವವರು, ಹೆಪಟೈಟಿಸ್ ಬಿ ಅಥವಾ ಸಿ ಸೋಂಕು ಇರುವವರಲ್ಲಿ ಸಂಭವ ಹೆಚ್ಚು. ಅದಕ್ಕಾಗಿಯೇ ಆರಂಭದ ವಾರಗಳಲ್ಲಿ ಎರಡು ವಾರಕ್ಕೊಮ್ಮೆ, ಆಮೇಲೆ ತಿಂಗಳಿಗೊಮ್ಮೆ ಯಕೃತ್ತಿನ ರಕ್ತ ಪರೀಕ್ಷೆ ಮಾಡಿಸುತ್ತಾರೆ. ಕಿಣ್ವಗಳು ಸ್ವಲ್ಪ ಏರಿದರೆ ಗಾಬರಿಯಾಗಬೇಕಿಲ್ಲ. ಲಕ್ಷಣಗಳ ಜೊತೆ ಸಾಮಾನ್ಯ ಮಿತಿಯ ಮೂರು ಪಟ್ಟು, ಲಕ್ಷಣವಿಲ್ಲದೆ ಐದು ಪಟ್ಟು ದಾಟಿದರೆ ಔಷಧಿಯನ್ನು ನಿಲ್ಲಿಸುವುದು ರೂಢಿ. ಪರೀಕ್ಷೆಗಿಂತ ಮುಂಚೆ ದೇಹವೇ ಸೂಚನೆ ಕೊಡುವುದುಂಟು: ಊಟ ಸೇರದಿರುವುದು, ವಾಕರಿಕೆ, ಬಲಗಡೆ ಪಕ್ಕೆಯ ಕೆಳಗೆ ನೋವು, ಮೂತ್ರ ಗಾಢ ಹಳದಿಯಾಗುವುದು, ಕಣ್ಣು ಹಳದಿಯಾಗುವುದು. ಇವು ಕಂಡರೆ ಮುಂದಿನ ಮಾತ್ರೆಯನ್ನು ತಡೆಹಿಡಿದು ಅಂದೇ ಘಟಕಕ್ಕೆ ಫೋನ್ ಮಾಡಬೇಕು. ಕಾಮಾಲೆಗೆ ನಾಟಿ ಔಷಧಿ ಕೊಡಿಸಿ ನೋಡೋಣ ಎಂದು ಒಂದು ವಾರ ಕಳೆದರೆ ಪ್ರಾಣಾಪಾಯ.

ಹಾಗಾದರೆ ಯಕೃತ್ತಿನ ಕಸಿಗೆ ಕಾಯುತ್ತಿರುವವರ ಗತಿ?

ಅವರಿಗೆ ಕಸಿಗೆ ಮುಂಚೆ ಕೊಡುವುದಕ್ಕಿಂತ, ಹೊಸ ಯಕೃತ್ತು ಕೂಡಿಕೊಂಡು ರಕ್ತ ಪರೀಕ್ಷೆಗಳು ಸ್ಥಿರವಾದ ಮೇಲೆ ಕೊಡುವುದು ಬಹುತೇಕ ಘಟಕಗಳ ಪದ್ಧತಿ. ಅಲ್ಲಿಯವರೆಗೆ ಲಕ್ಷಣಗಳ ಮೇಲೆ ಕಣ್ಣಿಟ್ಟಿರುತ್ತಾರೆ.

ನಮ್ಮ ದೇಶದಲ್ಲಿ ಕಸಿಯಾದ ಎಲ್ಲರಿಗೂ ತಡೆ ಮಾತ್ರೆ ಕೊಟ್ಟುಬಿಟ್ಟರೆ ಆಗದೇ?

ಇದರ ಬಗ್ಗೆ ತಜ್ಞರಲ್ಲೇ ಒಮ್ಮತವಿಲ್ಲ. ಭಾರತ ಮತ್ತು ಪಾಕಿಸ್ತಾನದಲ್ಲಿ ಕಿಡ್ನಿ ಕಸಿಯಾದವರ ಮೇಲೆ ನಡೆದ ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದಾಗ ಐಸೋನಿಯಾಜಿಡ್ ಪಡೆದವರಲ್ಲಿ ಕ್ಷಯದ ಸಂಭವ ಸುಮಾರು ಮೂರನೇ ಒಂದಕ್ಕೆ ಇಳಿದಿತ್ತು. ಯಕೃತ್ತಿನ ತೊಂದರೆ ಮಾತ್ರ ಹೆಚ್ಚಾಗಿತ್ತು. ಕೊಡಬಾರದು ಎನ್ನುವವರ ವಾದವೂ ಹಗುರವಲ್ಲ. ಒಂದು, ಇಲ್ಲಿ ಹೊಸ ಸೋಂಕು ತಗಲುವ ಅವಕಾಶ ಸದಾ ಇರುವುದರಿಂದ ಒಂಬತ್ತು ತಿಂಗಳ ಮಾತ್ರೆಯ ರಕ್ಷಣೆ ಬದುಕಿನುದ್ದಕ್ಕೂ ಉಳಿಯುವುದಿಲ್ಲ. ಎರಡು, 2014ರಿಂದ 2016ರವರೆಗೆ ನಡೆದ ರಾಷ್ಟ್ರೀಯ ಸಮೀಕ್ಷೆಯಲ್ಲಿ ಹೊಸ ಕ್ಷಯ ರೋಗಿಗಳಲ್ಲಿ ನೂರಕ್ಕೆ ಸುಮಾರು 11 ಜನರ ರೋಗಾಣು ಐಸೋನಿಯಾಜಿಡ್‌ಗೆ ಜಗ್ಗದಂಥದ್ದಾಗಿತ್ತು.

ಎರಡೂ ವಾದಗಳನ್ನು ತೂಗಿದರೆ, ಸೋಂಕಿನ ಯಾವುದೇ ಸುಳಿವು ಇರುವವರಿಗೆ ಖಂಡಿತ ಕೊಡಬೇಕು, ಸುಳಿವಿಲ್ಲದವರಿಗೆ ಯಕೃತ್ತು ಚೆನ್ನಾಗಿದ್ದು ತಿಂಗಳ ತಿಂಗಳ ರಕ್ತ ಪರೀಕ್ಷೆಗೆ ಬರಲು ಸಾಧ್ಯವಿದ್ದರೆ ಕೊಡುವುದನ್ನು ಯೋಚಿಸಬಹುದು ಎಂಬ ನಿಲುವು ಸಮಂಜಸವಾಗಿ ಕಾಣುತ್ತದೆ. ಎರಡು ಬಸ್ಸು ಬದಲಿಸಿ ಆಸ್ಪತ್ರೆಗೆ ಬರಬೇಕಾದವರಿಗೆ ಪರೀಕ್ಷೆಯ ಏರ್ಪಾಟಿಲ್ಲದೆ ಮಾತ್ರೆ ಬರೆದುಕೊಡುವುದು ಸರಿಯಲ್ಲ.

ಅಂಗ ಕೊಡುವವರನ್ನೂ ಪರೀಕ್ಷಿಸಬೇಕೇ?

ಖಂಡಿತ. ತಾಯಿಯೋ ಅಣ್ಣನೋ ಹೆಂಡತಿಯೋ ಕಿಡ್ನಿ ಕೊಡುವಾಗ ದಾನಿಯ ಹಿನ್ನೆಲೆ, ಎಕ್ಸ್‌ರೇ, ಮಾಂಟೂ ಅಥವಾ ಐಗ್ರಾ ನೋಡುತ್ತಾರೆ. ಮೂತ್ರದಲ್ಲಿ ಕಾರಣ ತಿಳಿಯದ ಕೀವುಕೋಶಗಳಿದ್ದರೆ ಕಿಡ್ನಿಯ ಕ್ಷಯವಿರಬಹುದೇ ಎಂದೂ ಶೋಧಿಸುತ್ತಾರೆ. ದಾನಿಗೆ ಕಾಯಿಲೆಯೇ ಇದ್ದರೆ ಚಿಕಿತ್ಸೆ ಮುಗಿಯದೆ ಅಂಗ ತೆಗೆದುಕೊಳ್ಳುವಂತಿಲ್ಲ. ಸುಪ್ತ ಸೋಂಕು ಮಾತ್ರ ಇದ್ದರೆ ದಾನಕ್ಕೆ ಅಡ್ಡಿಯಿಲ್ಲ. ಸಮಯವಿದ್ದರೆ ದಾನಿಗೆ ತಡೆ ಚಿಕಿತ್ಸೆ ಕೊಡುತ್ತಾರೆ, ಇಲ್ಲವಾದರೆ ಅಂಗ ಪಡೆದವರಿಗೆ ಕೊಡುತ್ತಾರೆ. ಗಂಡ ಹೆಂಡಿರು ಒಂದೇ ಸೂರಿನಡಿ ಬಾಳಿದವರಾದ್ದರಿಂದ ಒಬ್ಬರಲ್ಲಿ ಸೋಂಕು ಕಂಡರೆ ಇನ್ನೊಬ್ಬರ ವರದಿಯನ್ನೂ ಮತ್ತೊಮ್ಮೆ ತೆರೆದು ನೋಡುವುದು ಒಳ್ಳೆಯದು.

ಮನೆಯಲ್ಲಿ ಒಬ್ಬರಿಗೆ ಟಿ.ಬಿ. ಪತ್ತೆಯಾಗಿದೆ, ಅದೇ ಮನೆಯಲ್ಲಿ ಕಸಿಯಾದವರೂ ಇದ್ದಾರೆ. ಈಗೇನು?

ಅದೇ ದಿನ ಕಸಿ ಘಟಕಕ್ಕೆ ತಿಳಿಸಿ. ಕಸಿಯಾದವರಲ್ಲಿ ಕಾಯಿಲೆ ಇಲ್ಲವೆಂದು ಎಕ್ಸ್‌ರೇ ಮತ್ತು ಬೇಕಾದರೆ ಕಫ ಪರೀಕ್ಷೆಯಿಂದ ಖಚಿತಪಡಿಸಿಕೊಂಡು, ಮಾಂಟೂ ನೆಗೆಟಿವ್ ಇದ್ದರೂ ತಡೆ ಚಿಕಿತ್ಸೆ ಕೊಡುವುದು ಕ್ರಮ. ರೋಗಿಯ ಕಫದಲ್ಲಿ ರೋಗಾಣು ಇದ್ದರೆ ಚಿಕಿತ್ಸೆಯ ಕನಿಷ್ಠ ಮೊದಲ ಎರಡು ವಾರ ಇಬ್ಬರೂ ಬೇರೆ ಬೇರೆ ಕೋಣೆಯಲ್ಲಿ ಮಲಗಬೇಕು. ಸಾಧ್ಯವಾದರೆ ಕಸಿಯಾದವರೇ ಬಂಧುಗಳ ಮನೆಗೆ ಹೋಗಿರಲಿ. ಕಿಟಕಿಗಳು ತೆರೆದಿರಲಿ, ರೋಗಿ ಮಾಸ್ಕ್ ಧರಿಸಲಿ, ಕಸಿಯಾದವರಿಗೆ ಎನ್-95 ಇರಲಿ. ತಟ್ಟೆ ಲೋಟ ಬೇರೆ ಮಾಡುವುದರಿಂದ ಪ್ರಯೋಜನವಿಲ್ಲ. ಕ್ಷಯ ಹರಡುವುದು ಗಾಳಿಯಿಂದ, ಪಾತ್ರೆಯಿಂದಲ್ಲ. ರೋಗಿಯದು ಔಷಧಿಗೆ ಬಗ್ಗದ ಕ್ಷಯವಾಗಿದ್ದರೆ ಐಸೋನಿಯಾಜಿಡ್ ರಕ್ಷಣೆ ಕೊಡಲಾರದು, ಆದ್ದರಿಂದ ಅವರ ಔಷಧಿ-ನಿರೋಧಕತೆಯ ವರದಿಯ ಪ್ರತಿಯನ್ನು ಕಸಿ ಘಟಕಕ್ಕೆ ತಲುಪಿಸಬೇಕು.

ಕಸಿಯ ನಂತರ ಯಾವ ಲಕ್ಷಣ ಕಂಡರೆ ಕ್ಷಯವೆಂದು ಶಂಕಿಸಬೇಕು?

ಎರಡು ವಾರ ಕೆಮ್ಮಿದರೆ ಕಫ ಪರೀಕ್ಷೆ ಎಂಬ ಗೋಡೆಬರಹದ ಮಾತು ಇವರಿಗೆ ಸಾಲದು. ಕಸಿಯಾದವರಲ್ಲಿ ಕೆಮ್ಮು ಇಲ್ಲದೆಯೂ ಕ್ಷಯ ಬರುತ್ತದೆ. ಕಾರಣ ಸಿಗದ ಜ್ವರ ಎಲ್ಲಕ್ಕಿಂತ ಸಾಮಾನ್ಯ ಲಕ್ಷಣ. ರಾತ್ರಿ ಬೆವರು, ತೂಕ ಇಳಿಯುವುದು, ಕುತ್ತಿಗೆಯಲ್ಲಿ ಗಂಟು, ಹೊಟ್ಟೆಯಲ್ಲಿ ನೀರು, ಬಿಡದ ಬೆನ್ನುನೋವು, ತಲೆನೋವು ಇವೂ ಸೂಚನೆಗಳೇ. ಮೂರನೇ ಒಂದರಿಂದ ಅರ್ಧದಷ್ಟು ಮಂದಿಯಲ್ಲಿ ಕ್ಷಯ ಶ್ವಾಸಕೋಶದ ಹೊರಗೆ ಇರುತ್ತದೆ ಅಥವಾ ದೇಹವೆಲ್ಲ ಹರಡಿರುತ್ತದೆ. ಮೊದಲ ವರ್ಷದಲ್ಲಿ ಹೆಚ್ಚು ಕಾಣಿಸಿಕೊಂಡರೂ ಹತ್ತು ವರ್ಷಗಳ ನಂತರವೂ ಬಂದದ್ದಿದೆ.

ಬೆಂಗಳೂರಿನ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯವರು 1960ರ ದಶಕದ ಆರಂಭದಲ್ಲಿ ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ನಡೆಸಿದ ಅಧ್ಯಯನದಲ್ಲಿ, ಕ್ಷಯದ ಲಕ್ಷಣವಿದ್ದವರಲ್ಲಿ ಅನೇಕರು ತಾವಾಗಿಯೇ ಆಸ್ಪತ್ರೆಗೆ ಹೋಗಿದ್ದರೆಂದೂ ಅವರಿಗೆ ಕೆಮ್ಮಿನ ಔಷಧಿಯ ಸೀಸೆ ಕೊಟ್ಟು ಕಳಿಸಲಾಗಿತ್ತೆಂದೂ ಕಂಡುಬಂದಿತ್ತು. ಈ ಕಥೆ ಪೂರ್ತಿ ಹಳೆಯದಾಗಿಲ್ಲ. ಇಂದು ಸೀಸೆಯ ಜಾಗದಲ್ಲಿ ಲೆವೋಫ್ಲಾಕ್ಸಾಸಿನ್ ಮಾತ್ರೆ ಬಂದಿದೆ. ಜ್ವರಕ್ಕೋ ಮೂತ್ರದ ಸೋಂಕಿಗೋ ಮೆಡಿಕಲ್ ಶಾಪಿನಿಂದ ತಂದು ನುಂಗುವ ಈ ಆಂಟಿಬಯಾಟಿಕ್ ಕ್ಷಯದ ರೋಗಾಣುವಿಗೂ ಅರ್ಧಂಬರ್ಧ ಪೆಟ್ಟು ಕೊಡುತ್ತದೆ. ಜ್ವರ ಕೆಲವು ದಿನ ಇಳಿದು ಮತ್ತೆ ಬರುತ್ತದೆ, ಪರೀಕ್ಷೆಯಲ್ಲಿ ರೋಗಾಣು ಸಿಗುವುದು ಕಷ್ಟವಾಗುತ್ತದೆ, ರೋಗ ಪತ್ತೆ ತಡವಾಗುತ್ತದೆ. ಕಸಿಯಾದವರು ಜ್ವರ ಬಂದಾಗ ಮೊದಲು ಹೋಗಬೇಕಾದದ್ದು ಮೆಡಿಕಲ್ ಶಾಪಿಗಲ್ಲ. ಸಿಬಿನಾಟ್ ಅಥವಾ ಟ್ರೂನಾಟ್ ಯಂತ್ರದಲ್ಲಿ ಪರೀಕ್ಷಿಸಿದರೆ ಕೆಲವೇ ಗಂಟೆಗಳಲ್ಲಿ ರೋಗಾಣು ಇದೆಯೇ, ರಿಫಾಂಪಿಸಿನ್‌ಗೆ ಜಗ್ಗುತ್ತದೆಯೇ ಎಂಬುದು ತಿಳಿಯುತ್ತದೆ. ಕಫ ಬಾರದವರಿಗೆ ಬ್ರಾಂಕೋಸ್ಕೋಪಿ (ಶ್ವಾಸನಾಳದೊಳಗೆ ಸಣ್ಣ ಕೊಳವೆ ಇಳಿಸಿ ನೋಡುವ ಪರೀಕ್ಷೆ) ಅಥವಾ ಗಂಟಿನ ಬಯಾಪ್ಸಿ ಬೇಕಾಗಬಹುದು.

ಬಿಸಿಜಿ ಲಸಿಕೆ ಹಾಕಿಸಿಕೊಳ್ಳಬಹುದೇ?

ಕಸಿಯಾದ ಮೇಲೆ ಖಂಡಿತ ಬೇಡ. ಬಿಸಿಜಿಯಲ್ಲಿ ಇರುವುದು ಜೀವಂತ ರೋಗಾಣು. ಬಲ ಕುಗ್ಗಿದ ದೇಹದಲ್ಲಿ ಅದೇ ಕಾಯಿಲೆಯಾಗಿ ಹರಡಬಹುದು. ವಯಸ್ಕರಿಗೆ ಬಿಸಿಜಿ ಹಾಕುವ ಅಭಿಯಾನದಲ್ಲಿ ಆಶಾ ಕಾರ್ಯಕರ್ತೆ ಮನೆಗೆ ಬಂದರೆ ಕಸಿ ಆಗಿರುವುದನ್ನು ತಿಳಿಸಿ ನಯವಾಗಿ ನಿರಾಕರಿಸಿ.

ಊಟ, ಹಾಲು, ಕಷಾಯಗಳ ವಿಷಯದಲ್ಲಿ ಏನು ಪಾಲಿಸಬೇಕು?

ಹಾಲನ್ನು ಉಕ್ಕುವವರೆಗೆ ಕಾಯಿಸದೆ ಕುಡಿಯಬಾರದು. ಹಸುವಿನ ಕ್ಷಯದ ರೋಗಾಣು ಹಸಿ ಹಾಲಿನಿಂದ ಮನುಷ್ಯರಿಗೆ ದಾಟುತ್ತದೆ; ಮನೆಯ ಹಸು, ಕರೆದ ಬಿಸಿ ಹಾಲು ಎಂಬ ಮಮತೆ ಇಲ್ಲಿ ಸಲ್ಲದು. ಹಸಿ ಹಾಲಿನಿಂದ ಕಟ್ಟಿದ ಗಿಣ್ಣನ್ನೂ ಚೆನ್ನಾಗಿ ಬೇಯಿಸಿಯೇ ತಿನ್ನಬೇಕು.

ಪುಷ್ಟಿಯ ಮಹತ್ವಕ್ಕೆ ಗಟ್ಟಿಯಾದ ಸಾಕ್ಷ್ಯವಿದೆ. ಮಂಗಳೂರಿನ ಯೆನೆಪೋಯ ವೈದ್ಯಕೀಯ ಕಾಲೇಜಿನ ಡಾ. ಅನುರಾಗ್ ಭಾರ್ಗವ ಮತ್ತು ಡಾ. ಮಾಧವಿ ಭಾರ್ಗವ ಅವರ ನೇತೃತ್ವದಲ್ಲಿ ಜಾರ್ಖಂಡ್‌ನಲ್ಲಿ ನಡೆದು 2023ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಕ್ಷಯ ರೋಗಿಗಳ ಮನೆಯವರಿಗೆ ಪೌಷ್ಟಿಕ ಆಹಾರ ಧಾನ್ಯಗಳನ್ನು ಕೊಟ್ಟಾಗ ಅವರಲ್ಲಿ ಹೊಸದಾಗಿ ಕ್ಷಯ ಬರುವುದು ಶೇ. 39ರಷ್ಟು ಕಡಿಮೆಯಾಯಿತು. ಅದು ಕಸಿಯವರ ಮೇಲೆ ನಡೆದ ಪ್ರಯೋಗವಲ್ಲ. ಆದರೂ ಡಯಾಲಿಸಿಸ್ ಕಾಲದಲ್ಲಿ ಪಥ್ಯದ ಹೆಸರಿನಲ್ಲಿ ಬೇಳೆ, ಮೊಟ್ಟೆ ಎಲ್ಲ ಬಿಟ್ಟು ಸೊರಗಿದವರು ಆಹಾರ ತಜ್ಞರನ್ನು ಕೇಳಿ ಪ್ರೋಟೀನ್ ಪ್ರಮಾಣವನ್ನು ಸರಿಪಡಿಸಿಕೊಳ್ಳುವುದು ಒಳಿತು. ಸಕ್ಕರೆ ಹತೋಟಿಯಲ್ಲಿರಲಿ, ಬೀಡಿ ಸಿಗರೇಟು ಬೇಡ.

ಶಕ್ತಿ ಹೆಚ್ಚಲೆಂದು ಕುಡಿಯುವ ಅಮೃತಬಳ್ಳಿ ಕಷಾಯದಿಂದ ಯಕೃತ್ತಿಗೆ ಹಾನಿಯಾದ ಪ್ರಕರಣಗಳು ವರದಿಯಾಗಿವೆ. ಐಸೋನಿಯಾಜಿಡ್ ಜೊತೆಗೆ ಅದೂ ಸೇರಿದರೆ ಕಾಮಾಲೆಗೆ ಕಾರಣ ಯಾವುದೆಂದು ಹೇಳುವುದೇ ಅಸಾಧ್ಯವಾಗುತ್ತದೆ. ಅಷ್ಟೇ ಅಲ್ಲ, ಔಷಧಿಯಿಂದ ಉದ್ದೇಶಪೂರ್ವಕವಾಗಿ ತಗ್ಗಿಸಿದ ರೋಗನಿರೋಧಕ ಶಕ್ತಿಯನ್ನು ಕಷಾಯದಿಂದ ಏರಿಸಲು ಹೊರಡುವುದೇ ವಿಪರ್ಯಾಸ.

ವಿದೇಶದಲ್ಲಿ ನೆಲೆಸಿರುವ ಕನ್ನಡಿಗರಿಗೂ ಇದು ಅನ್ವಯಿಸುತ್ತದೆಯೇ?

ಹೌದು. ಅಮೆರಿಕ, ಬ್ರಿಟನ್ ಮುಂತಾದ ಕಡೆ ಕ್ಷಯ ವಿರಳ, ಆದರೆ ಸುಪ್ತ ಸೋಂಕು ಊರು ಬಿಟ್ಟವರ ಜೊತೆಗೇ ಬಂದಿರುತ್ತದೆ. ಎಲ್ಲಿ ಹುಟ್ಟಿದಿರಿ, ಎಲ್ಲಿ ಬೆಳೆದಿರಿ ಎಂದು ಅಲ್ಲಿನ ಕಸಿ ವೈದ್ಯರು ಕೇಳುವುದು ಈ ಕಾರಣಕ್ಕೇ. ಕಸಿಯಾದ ಮೇಲೆ ತಿಂಗಳುಗಟ್ಟಲೆ ಊರಿಗೆ ಬಂದು ಇರುವ ಯೋಚನೆಯಿದ್ದರೆ ಹೊರಡುವ ಮುಂಚೆ ಅವರಿಗೆ ತಿಳಿಸಿ. ಇಲ್ಲಿಗೆ ಬಂದು ಹೋದ ಮೇಲೆ ಜ್ವರ ಬಂದರೆ ಪ್ರಯಾಣದ ವಿಷಯವನ್ನು ಮೊದಲೇ ಹೇಳಿ.

ಖರ್ಚು ಎಷ್ಟು? ಸರ್ಕಾರದಿಂದ ಏನು ಸಿಗುತ್ತದೆ?

ರಾಷ್ಟ್ರೀಯ ಕ್ಷಯರೋಗ ನಿರ್ಮೂಲನಾ ಕಾರ್ಯಕ್ರಮದಡಿ ತಡೆ ಚಿಕಿತ್ಸೆಯ ಮಾತ್ರೆಗಳೂ ಕಾಯಿಲೆಯ ಮಾತ್ರೆಗಳೂ ಉಚಿತ. ಖಾಸಗಿ ಆಸ್ಪತ್ರೆಯಲ್ಲಿ ಕಸಿ ಮಾಡಿಸಿಕೊಂಡವರೂ ತಮ್ಮ ತಾಲೂಕಿನ ಕ್ಷಯರೋಗ ಘಟಕದಲ್ಲಿ ನೋಂದಾಯಿಸಿಕೊಂಡು ಪಡೆಯಬಹುದು. ಕಸಿ ವೈದ್ಯರು ಬರೆದ ಚೀಟಿಯಲ್ಲಿ ಔಷಧಿಯ ಹೆಸರು, ಪ್ರಮಾಣ, ಅವಧಿ ಮತ್ತು 'ರಿಫಾಂಪಿಸಿನ್ ಬೇಡ' ಎಂಬ ಸೂಚನೆ ಸ್ಪಷ್ಟವಾಗಿರಲಿ. ನಿಕ್ಷಯ್ ಪೋಷಣ್ ಯೋಜನೆಯಡಿ ತಿಂಗಳಿಗೆ ಕೊಡುವ ಹಣವನ್ನು 2024ರ ನವೆಂಬರ್‌ನಿಂದ 500 ರೂಪಾಯಿಯಿಂದ 1,000ಕ್ಕೆ ಏರಿಸಲಾಗಿದೆ, ಆದರೆ ಅದು ಕಾಯಿಲೆಗೆ ಚಿಕಿತ್ಸೆ ಪಡೆಯುವವರಿಗೆ. ತಡೆ ಮಾತ್ರೆ ನುಂಗುವವರಿಗೆ ಸಿಗುವುದಿಲ್ಲ. ಮಾಹಿತಿಗಾಗಿ ನಿಕ್ಷಯ್ ಸಹಾಯವಾಣಿ 1800-11-6666ಕ್ಕೆ ಉಚಿತವಾಗಿ ಕರೆ ಮಾಡಬಹುದು. ಐಗ್ರಾ ಪರೀಕ್ಷೆಯ ವೆಚ್ಚ ಹೊರೆಯಾದರೆ ಮಾಂಟೂ ಸಾಕೇ ಎಂದು ಘಟಕದವರನ್ನು ಕೇಳಿ. ಸರಿಯಾಗಿ ಅಳೆದ ಮಾಂಟೂ ಪರೀಕ್ಷೆಯನ್ನು ಮಾರ್ಗಸೂಚಿಗಳು ಈಗಲೂ ಒಪ್ಪುತ್ತವೆ.